ಕೊಡತಿ ಇಟ್ಟು ಹಿಡಿದ ಜಾಗ

ಆ ಸೋಮವಾರ ಬೆಳಿಗ್ಗೆ ನಾನು ಮಾಡಿದ ಕೆಲಸಗಳು ಇವು. ಒಲೆಯ ಬೂದಿ ತೆಗೆದು, ಪಾತ್ರೆ ಬೆಳಗಲು ಒಂದು ಹಿಡಿ ಎತ್ತಿಟ್ಟೆ. ಬಾವಿಯಿಂದ ನೀರು ಸೇದಿ ತಂದು ಹಂಡೆಗೆ ಹುಯ್ದೆ. ಅವ್ವನ ಮೊಣಕಾಲಿಗೆ ಬಿಸಿ ಹರಳೆಣ್ಣೆ ತಿಕ್ಕಿದೆ. ರಾತ್ರಿ ಉಳಿದಿದ್ದ ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿ, ಈರುಳ್ಳಿ ಕಚ್ಚಿಕೊಂಡು ಇಬ್ಬರೂ ಕುಡಿದೆವು. ಗಂಜಿ ಹಾಕಿದ್ದ ಬಿಳಿ ಸೀರೆ ಉಟ್ಟೆ. ಮಸಿಪುಡಿ ಕಲಸಿ ದೌತಿಗೆ ತುಂಬಿದೆ. ಶಿಶು ತರಗತಿಯ ನೆಲ ಗುಡಿಸಿ, ಮಕ್ಕಳು ಕೂರುವ ಚೌಕಗಳನ್ನು ಸುಣ್ಣದ ನೀರಿನಿಂದ ಗೆರೆ ಎಳೆದು ಗುರುತು ಮಾಡಿದೆ. ಬೆನ್ನು ನೆಟ್ಟಗೆ ಮಾಡಿಕೊಂಡು, ಕಿಟಕಿಯಿಂದ ಗೇಟಿನ ಕಡೆ ನೋಡಿದೆ.

ಕಾಂಪೌಂಡ್ ಗೋಡೆಯ ಪಕ್ಕ ಬರಿಯ ನೆಲ. ಸಾಲು ಇರಲಿಲ್ಲ.

ಸಾಲು ಎಂದರೆ ಜನರ ಸಾಲಲ್ಲ, ಪಾತ್ರೆಗಳ ಸಾಲು. ನಮ್ಮ ಹಿಂದೂಪುರದ ಕಡೆ ಬೇಸಿಗೆಯಲ್ಲಿ ಬಾವಿಯ ನೀರು ಊರುವುದು ಬಹಳ ನಿಧಾನ. ಅದು ಊರುವ ತನಕ ಕಾದು ಕೂತರೆ ಮನೆಯ ಕೆಲಸ ಯಾರು ಮಾಡಬೇಕು? ಅದಕ್ಕೆ ಹೆಂಗಸರು ಬಿಂದಿಗೆಗಳನ್ನು ಬಾವಿಕಟ್ಟೆಯಿಂದ ಒಂದರ ಹಿಂದೆ ಒಂದರಂತೆ ಇಟ್ಟು ಮನೆಗೆ ಹೋಗಿಬಿಡುತ್ತಾರೆ. ಬಿಂದಿಗೆ ಇದ್ದರೆ ಆ ಹೆಂಗಸೇ ನಿಂತ ಹಾಗೆ. ಎಂಥ ಜಗಳಗಂಟಿಯೂ ಇನ್ನೊಬ್ಬಳ ಬಿಂದಿಗೆಯನ್ನು ಸರಿಸುವುದಿಲ್ಲ. ನಾನು ಹುಟ್ಟಿ ಬೆಳೆದ ಕಲ್ಯಾಣದುರ್ಗದಲ್ಲೂ ಹೀಗೇ ಇತ್ತು. ಹಾಗಾಗಿ ನಮ್ಮ ಕ್ರೈಸ್ತ ಸಭೆಯ ಶಾಲೆಯಲ್ಲಿ ಉಳಿದ ಜಾಗಗಳು ಮೊದಲು ಬಂದವರಿಗೆ ಎಂದು ಹೇಳಿದ ವರ್ಷದಿಂದಲೇ ಊರಿನವರು ತಾವಾಗಿ ಈ ಪದ್ಧತಿಯನ್ನು ಶಾಲೆಯ ಗೇಟಿಗೂ ತಂದರು. ಭರ್ತಿ ಸೋಮವಾರವಾದರೆ ಶನಿವಾರ ಸಂಜೆಯಿಂದಲೇ ಗೋಡೆಯುದ್ದಕ್ಕೂ ತಾಮ್ರದ ಬಿಂದಿಗೆ, ಹಿತ್ತಾಳೆ ಚೊಂಬು, ಮಂಕರಿ, ಮೊರ ಬಂದು ಕೂರುತ್ತಿದ್ದವು. ಭಾನುವಾರ ಆರಾಧನೆಗೆ ಬರುವವರು ಅವುಗಳನ್ನು ಮುಟ್ಟದೆ ಸುತ್ತಿಕೊಂಡು ಹೋಗುತ್ತಿದ್ದರು. ನಾನಂತೂ ಆ ಎರಡು ದಿನ ಗೋಡೆಯ ಕಡೆಗೇ ಹೋಗುತ್ತಿರಲಿಲ್ಲ. ಹೋದರೆ, ಟೀಚರಮ್ಮ ಯಾರದೋ ಚೊಂಬನ್ನು ಮುಂದಕ್ಕಿಟ್ಟಳು ಎಂಬ ಮಾತು ಹುಟ್ಟಿಕೊಳ್ಳುತ್ತದೆ.

ಜಾಗ ಕೊಡುವ ಕ್ರಮ ಹೀಗಿತ್ತು. ಮೊದಲು ಸಭೆಯ ಕುಟುಂಬಗಳ ಮಕ್ಕಳು. ಆಮೇಲೆ ಮಿಷನ್ನಿನ ಅನಾಥಾಲಯದವರು. ಆಮೇಲೆ ಅಣ್ಣನೋ ಅಕ್ಕನೋ ನಮ್ಮಲ್ಲೇ ಓದುತ್ತಿರುವವರು. ಇಷ್ಟಾಗಿ ಉಳಿದ ಚೌಕಗಳು ಊರಿನವರಿಗೆ, ಸಾಲಿನ ಪ್ರಕಾರ. ಕೋಣೆಯನ್ನು ಸರಕಾರದ ಇನ್‌ಸ್ಪೆಕ್ಟರು ಅಳೆದು ಇಷ್ಟೇ ಮಕ್ಕಳು ಎಂದು ಹೇಳಿ ಹೋಗಿದ್ದರು. ಮೇಲೊಂದು ತಲೆ ಸೇರಿಸಿದರೂ ಗ್ರಾಂಟಿಗೆ ಕುತ್ತು. ಆ ವರ್ಷ ಊರಿನವರಿಗೆ ಉಳಿದದ್ದು ಒಂಬತ್ತು ಚೌಕ. ಬೋರ್ಡ್ ಸ್ಕೂಲುಗಳಲ್ಲಿ ಪಾಠವೆಲ್ಲ ತೆಲುಗು. ಕನ್ನಡದಲ್ಲಿ ಅಕ್ಷರ ಕಲಿಸುವ ಶಿಶು ತರಗತಿ ನಮ್ಮದೊಂದೇ. ಅಲ್ಲದೆ ಅದು ಆಷಾಢಕ್ಕೆ ಮುಂಚಿನ ಕೊನೆಯ ಸೋಮವಾರ. ಆಷಾಢ ಬಂದರೆ ಯಾರೂ ಮಗುವಿನ ಕೈಗೆ ಬಳಪ ಕೊಡುವುದಿಲ್ಲ. ಶಿವನ ಒಕ್ಕಲಿನವರಿಗಂತೂ ಸೋಮವಾರಕ್ಕಿಂತ ಒಳ್ಳೆಯ ದಿನವಿಲ್ಲ. ಹಾಗಾಗಿ ಸಾಲು ಉದ್ದವಾಗಿತ್ತು.

ಶನಿವಾರ ಮಧ್ಯಾಹ್ನ ನಮ್ಮ ಹಿತ್ತಿಲ ಬಾಗಿಲಿಗೆ ಒಬ್ಬಳು ಬಂದಿದ್ದಳು. ಕುಂದುರ್ಪಿ ಕಡೆಯ ಹೆಂಗಸು, ಗಂಡನಿಲ್ಲ. ಹುಣಸೆ ಮಂಡಿಯಲ್ಲಿ ಕಾಯಿ ಬಡಿಯುವ ಕೆಲಸ. ಊರಾಚೆಯ ಕೇರಿಯಲ್ಲಿ ಮನೆ. ಸೊಂಟಕ್ಕೆ ಆತುಕೊಂಡು ಅವಳ ಮಗಳು. ಆ ದಿನಗಳಲ್ಲಿ ಹಿಂದೂಪುರದ ಗಾಳಿಗೇ ಹುಣಸೆಯ ವಾಸನೆ. ಅವರಿಬ್ಬರ ಮೈಯಿಂದ ಅದು ಇನ್ನಷ್ಟು ಗಾಢವಾಗಿ ಬರುತ್ತಿತ್ತು. ಹುಡುಗಿಯನ್ನು ಹತ್ತಿರ ಕರೆದು, ಬಲಗೈಯನ್ನು ತಲೆಯ ಮೇಲಿಂದ ಹಾಕಿ ಎಡಗಿವಿ ಮುಟ್ಟು ಎಂದೆ. ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳ ವಯಸ್ಸು ಹಿಡಿಯುವುದು ಹಾಗೆಯೇ: ಬೆರಳು ಕಿವಿಗೆ ತಾಗಿದರೆ ಶಾಲೆಯ ವಯಸ್ಸು. ಇವಳ ಕೈ ಕಿವಿಯನ್ನು ದಾಟಿ ಕೆನ್ನೆಯವರೆಗೆ ಇಳಿಯಿತು.

‘ಬರೋ ವರ್ಷ ಇವಳನ್ನ ಶಿಶು ತರಗತಿಗೆ ತಗೊಳ್ಳೋಕೆ ಆಗಲ್ಲಮ್ಮ. ವಯಸ್ಸು ಮೀರುತ್ತೆ. ಸೇರಿಸೋದಾದರೆ ಈ ವರ್ಷವೇ,’ ಎಂದೆ.

‘ಮಂಡಿ ಮೇಸ್ತ್ರೀನೂ ಅದ್ನೇ ಅಂದ ಕಣಮ್ಮ. ಮುಂದಿನ್ ಸುಗ್ಗಿಗೆ ಇವ್ಳಿಗೂ ಒಂದು ಕೊಡ್ತಿ ಕೊಡ್ತೀನಿ ಅಂದ. ಕೈ ಬಲೀತು ಅಂದ.’

ಕೊಡತಿ ಎಂದರೆ ಹುಣಸೆಕಾಯಿ ಬಡಿಯುವ ಮರದ ಸುತ್ತಿಗೆ. ಅವಳ ಕಂಕುಳಲ್ಲೇ ಇತ್ತು. ವರ್ಷಾನುಗಟ್ಟಲೆ ಹಿಡಿದು ಹಿಡಿ ಕಪ್ಪಗೆ ನುಣುಪಾಗಿತ್ತು.

‘ಸಾಲ್ನಾಗೆ ನಾನೂ ಏನಾರ ಇಡ್ಬೋದಾ?’

‘ಇಡು. ಬೇಡ ಅನ್ನೋರು ಯಾರು?’

‘ಬಿಂದ್ಗೆ ಇರೋದೇ ಒಂದು. ಅದ್ನ ಇಲ್ಲಿಟ್ರೆ ನೀರ್ಗೇನ್ ಮಾಡ್ಲಿ? ಇಟ್ರೂ ಪಕ್ದಾಗೆ ತಮ್ದು ಇಡಾಕೆ ಒಪ್ತಾರಾ? ಈ ಕೊಡ್ತೀನೇ ಇಡ್ತೀನಿ. ಮರ ಅಲ್ವಾ, ಮರಕ್ಕೆ ಮೈಲ್ಗೆ ಇಲ್ಲ. ನಾಳೆ ಬೀಜ ತೆಗ್ಯೋ ಕೆಲ್ಸ, ಕೊಡ್ತಿ ಬೇಕಿಲ್ಲ.’

ಒಳಗೆ ಹುರುಳಿ ಆರಿಸುತ್ತಿದ್ದ ಅವ್ವ ಬಾಯಿ ಹಾಕಿದಳು. ‘ಏನಮ್ಮಿ, ನಿಮ್ ಕೇರ್ಯಾಗೆ ಅರ್ಧ ಜನ ಸಭೇಗೆ ಸೇರವ್ರೆ. ನೀನೂ ಬಂದ್ಬುಟ್ರೆ ಸಾಲೂ ಬೇಡ, ಕೊಡ್ತೀನೂ ಬೇಡ. ಮಗೀಗೆ ಮೊದ್ಲ ಜಾಗ.’

‘ಜಾಗಕ್ಕೋಸ್ರ ಬಂದ್ರೆ ನಿಮ್ ದೇವ್ರು ನನ್ ಮಕ ನೋಡ್ತಾನಾ ಅಜ್ಜಿ? ಬರೋದಾದ್ರೆ ಒಂದಿನ ಸುಮ್ಕೇ ಬತ್ತೀನಿ.’

ಅವ್ವ ಹುರುಳಿ ಬಿಟ್ಟು ನಕ್ಕಳು. ‘ಇವ್ಳಿಗೆ ಬಾಯೈತೆ ಕಣೆ,’ ಎಂದು ನನಗೆ ಹೇಳಿ, ಹುಡುಗಿಯ ಕೈಗೆ ಒಂದು ಚೂರು ಬೆಲ್ಲ ಇಟ್ಟಳು.

ಸೋಮವಾರ ಗೋಡೆಯ ಪಕ್ಕ ಬರಿಯ ನೆಲ ಕಂಡಾಗ ಮೊದಲು ನೆನಪಾದದ್ದು ಆ ಕೊಡತಿ.

ಹೊರಗೆ ಓಡಿದೆ. ಹೊಸ ಪಾದ್ರಿ ಅಯ್ಯನವರು ಗೇಟಿನ ಹತ್ತಿರ ಕಚ್ಚೆ ಕಟ್ಟಿಕೊಂಡು ನಿಂತಿದ್ದರು, ಮೊಣಕೈವರೆಗೆ ಒದ್ದೆ. ಅವರು ಬಂದು ವಾರವಾಗಿತ್ತಷ್ಟೆ. ಕರಾವಳಿಯ ತೆಲುಗಿನವರು. ಶಾಲೆಯ ಕರೆಸ್ಪಾಂಡೆಂಟರೂ ಅವರೇ, ಅಂದರೆ ಆಡಳಿತವೆಲ್ಲ ಅವರ ಕೈಯಲ್ಲಿ. ಅವರ ಊರಲ್ಲಿ ಮನೆಯ ಹಿಂದೆಯೇ ಕಾಲುವೆ ಹರಿಯುತ್ತದಂತೆ. ನೀರಿಗೆ ಸಾಲು ಹಿಡಿಯುವುದನ್ನು ಜನ್ಮದಲ್ಲಿ ನೋಡಿದವರಲ್ಲ. ಬಹಳ ಒಳ್ಳೆಯ ಮನುಷ್ಯ. ಆಳಿಗೆ ಹೇಳದೆ ತಾವೇ ಕೆಲಸಕ್ಕೆ ಕೈ ಹಾಕುವಂಥವರು.

‘ಅಯ್ಯನೋರೇ, ಇಲ್ಲಿ ಪಾತ್ರೆಗಳಿದ್ದವಲ್ಲ?’

‘ಎವರೋ ವದಿಲೇಸಿ ಪೋಯಾರಮ್ಮಾ,’ ಎಂದರು ನಗುತ್ತ. ಯಾರೋ ಬಿಟ್ಟು ಹೋಗಿದ್ದಾರೆ ಎಂದು. ಶಾಲೆ ತೆರೆಯುವ ದಿನ ಅಂಗಳ ಚೊಕ್ಕವಾಗಿರಲಿ ಎಂದು ನಸುಕಿನಲ್ಲೇ ಎದ್ದು, ಎಲ್ಲವನ್ನೂ ನಮ್ಮ ಸಭೆಯ ದೇವಾಲಯದ ಪಕ್ಕದ ಕೋಣೆಗೆ ಸಾಗಿಸಿದ್ದರು. ಸಾಗಿಸಿದ್ದಷ್ಟೇ ಅಲ್ಲ, ಬಾವಿ ನೀರು ಸೇದಿ, ಬೂದಿ ಹಾಕಿ ತೊಳೆದಿದ್ದರು. ಹೋಗಿ ನೋಡಿದೆ. ಬಿಂದಿಗೆಗಳು ಒಂದು ಕಡೆ, ಚೊಂಬುಗಳು ಇನ್ನೊಂದು ಕಡೆ, ದೊಡ್ಡದರ ಬಾಯಲ್ಲಿ ಚಿಕ್ಕದು. ಎಲ್ಲವೂ ಥಳಥಳ ಹೊಳೆಯುತ್ತಿದ್ದವು. ಯಾವುದು ಯಾವುದರ ಹಿಂದಿತ್ತು ಎಂದು ಆ ಹೊಳಪಿನಲ್ಲಿ ಹುಡುಕಿದರೂ ಸಿಗುವಂತಿರಲಿಲ್ಲ. ಕೊಡತಿ ಅಲ್ಲಿ ಇರಲೇ ಇಲ್ಲ. ಇನ್ನೇನಾದರೂ ಇತ್ತೇ ಎಂದು ಕೇಳಿದರೆ, ಪಾತ್ರೆಯೆಲ್ಲ ಇಲ್ಲೇ ಇದೆ ಎಂದರು ಅಯ್ಯನವರು.

ನಾನು ಸಾಲಿನ ವಿಷಯವನ್ನು ತೆಲುಗಿನಲ್ಲಿ ಬಿಡಿಸಿ ಹೇಳುತ್ತಾ ಹೋದಂತೆ ಅಯ್ಯನವರ ಮುಖ ಇಳಿಯುತ್ತಾ ಹೋಯಿತು. ‘ಅಯ್ಯೋ,’ ಎಂದರು. ಆ ಒಂದು ಮಾತು ಅವರ ತೆಲುಗಿಗೂ ನಮ್ಮ ಕನ್ನಡಕ್ಕೂ ಒಂದೇ.

ಅಷ್ಟರಲ್ಲಿ ಬೆಂಗಳೂರಿನ ಬೆಳಗಿನ ಗಾಡಿ ಕೂಗಿತು. ನಮ್ಮೂರಿನ ಗಡಿಯಾರ ಅದೇ. ಗೇಟಿಗೆ ಜನ ಬಂದರು.

‘ಟೀಚರಮ್ಮ, ನಮ್ ಬಿಂದ್ಗೆ ಎಲ್ಲೋಯ್ತು?’

‘ಯಾವನ್ಲಾ ಎತ್ತಿದ್ದು? ಶನಿವಾರ್ದಿಂದ ಇಟ್ಟಿದ್ದೆ ಕಣ್ಲಾ!’

‘ನಂದು ಮುಂದ್ಲೇದು. ಗೇಟ್ನಾಗೇ ಇತ್ತು.’

‘ನಿಂದ್ಯಾವಾಗ ಮುಂದ್ಲೇದಾಯ್ತೇ? ನನ್ ಬಿಂದ್ಗೆ ಬೆನ್ನು ನೋಡ್ಕೊಂಡು ಕೂತಿತ್ತು ನಿಂದು!’

ಪಾತ್ರೆಗಳನ್ನೆಲ್ಲ ಹೊರಗೆ ತಂದು ಬೇವಿನ ಮರದ ಕೆಳಗೆ ಇರಿಸಿದೆವು. ಅವರವರದನ್ನು ಅವರವರು ಎತ್ತಿಕೊಂಡರು. ಒಬ್ಬಳು ತನ್ನ ಚೊಂಬನ್ನು ತಿರುಗಿಸಿ ತಿರುಗಿಸಿ ನೋಡಿ, ‘ಇದು ನಂದಲ್ಲ, ನಂದು ಇಷ್ಟು ಬೆಳ್ಳಗಿರ್ಲಿಲ್ಲ,’ ಎಂದಳು. ಪಕ್ಕದವಳು, ‘ಪಾದ್ರಿ ಕೈಯಾಗೆ ದಿನಾ ತೊಳೆಸ್ಕೋ, ಗಂಡನ್ಗೂ ಗುರ್ತು ಸಿಗಲ್ಲ,’ ಎಂದಾಗ ಜಗಳದ ನಡುವೆಯೂ ನಗು ಎದ್ದಿತು. ಅಯ್ಯನವರಿಗೆ ಅರ್ಥವಾಗಲಿಲ್ಲ, ಅವರೂ ನಕ್ಕರು.

ನಾನು ಮೊದಲು ದಡ್ಡತನ ಮಾಡಿದೆ. ಯಾರ ಜಾಗ ಎಷ್ಟನೆಯದು ಎಂದು ಒಬ್ಬೊಬ್ಬರನ್ನೇ ಕೇಳಿದೆ. ಮೊದಲನೆಯ ಜಾಗಕ್ಕೇ ನಾಲ್ಕು ಜನ ಬಂದರು, ಹತ್ತನೆಯದಕ್ಕೆ ಒಬ್ಬರೂ ಇಲ್ಲ.

ಅಯ್ಯನವರು ನನ್ನನ್ನು ಪಕ್ಕಕ್ಕೆ ಕರೆದು, ಚೀಟಿ ಎತ್ತೋಣ ಎಂದರು. ತಪ್ಪು ತಮ್ಮದು, ಈಗ ಯಾರ ಕಡೆಗೂ ವಾಲದ ಉಪಾಯ ಅದೊಂದೇ. ಹನ್ನೆರಡನೆಯ ಶಿಷ್ಯನನ್ನೂ ಚೀಟು ಹಾಕಿಯೇ ಆರಿಸಿದ್ದು ಬೈಬಲಿನಲ್ಲಿ ಇದೆಯಲ್ಲ ಎಂದರು. ಮಾತು ನ್ಯಾಯವಾಗಿಯೇ ಇತ್ತು. ನನಗೂ ಬೇಗ ಮುಗಿದರೆ ಸಾಕಾಗಿತ್ತು. ಜನಕ್ಕೆ ಹೇಳಿದೆ.

ತಾಮ್ರದ ಬಿಂದಿಗೆಯವಳು ಸೊಂಟಕ್ಕೆ ಕೈ ಕೊಟ್ಟು ನಿಂತಳು. ‘ಶನಿವಾರ ಬಿಸ್ಲಾಗೆ ಬೆಂದು ಬಂದು ಇಟ್ಟೋರು ನಾವು. ಚೀಟಿ ಬೆಂದಿತ್ತಾ ಟೀಚರಮ್ಮ?’

ಅವಳ ಮಾತು ಸರಿಯಾಗಿತ್ತು. ಚೀಟಿ ಹಾಕಿದರೆ ಅಯ್ಯನವರ ತಪ್ಪನ್ನು ಅದೃಷ್ಟದ ಮೇಲೆ ಹೊರಿಸಿದ ಹಾಗೆ. ಕೊಡತಿಯವಳಿಗಂತೂ ಚೀಟಿಯಲ್ಲಿ ಹೆಸರು ಬರೆಸುವುದಕ್ಕೂ ಸಾಕ್ಷಿ ಇರಲಿಲ್ಲ. ಅವಳ ಕೈಯಲ್ಲಿ ಪಾತ್ರೆಯೇ ಇಲ್ಲ. ಅವಳು ಮಗಳನ್ನು ಹಿಡಿದುಕೊಂಡು ಮರದಿಂದಾಚೆ, ಎಲ್ಲರಿಂದ ದೂರ ನಿಂತಿದ್ದಳು. ಹುಡುಗಿಯ ತಲೆಗೆ ಎಣ್ಣೆ ಹಾಕಿ ಬಿಗಿಯಾಗಿ ಹೆಣೆದಿದ್ದಳು.

‘ಅಯ್ಯನೋರೇ, ಚೀಟಿ ಬೇಡ,’ ಎಂದೆ. ‘ಸಾಲನ್ನೇ ಮತ್ತೆ ಕಟ್ಟೋಣ. ನನಗೆ ಬಿಡಿ.’

ಅವರು ಒಂದು ಕ್ಷಣ ನೋಡಿ ತಲೆಯಾಡಿಸಿದರು. ಕಿತ್ತುಹೋಗಿದ್ದ ಹಿಂದಿನ ಗೇಟಿನ ಗೂಟ ಸರಿಮಾಡುವುದು ಬಾಕಿ ಇದೆ ಎಂದು ಹೊರಟುಹೋದರು. ಜನರ ಮುಂದೆ ನಿಲ್ಲಲು ಅವರಿಗೆ ಸಂಕೋಚವಾಗಿತ್ತು.

ಬಾವಿಕಟ್ಟೆಯ ಜಗಳಗಳನ್ನು ಅವ್ವ ಬಿಡಿಸುತ್ತಿದ್ದ ರೀತಿ ನೆನಪಿಗೆ ಬಂತು. ಕಲ್ಯಾಣದುರ್ಗದಲ್ಲಿ ದನ ನುಗ್ಗಿ ಬಿಂದಿಗೆಗಳು ಚೆಲ್ಲಾಪಿಲ್ಲಿಯಾದಾಗ, ನಿನ್ನ ಜಾಗ ಯಾವುದು ಎಂದು ಅವಳು ಯಾರನ್ನೂ ಕೇಳುತ್ತಿರಲಿಲ್ಲ. ನಾನೂ ಜೋರಾಗಿ ಹೇಳಿದೆ: ‘ನಿಮ್ಮ ಜಾಗದ ಮಾತು ಯಾರೂ ಆಡ್ಬೇಡಿ. ನಿಮ್ಮ ಮುಂದೆ ಏನಿತ್ತು, ಅಷ್ಟು ಹೇಳಿ. ಹೇಳಿ ಅದರ ಹಿಂದೆ ನಿಮ್ಮದನ್ನ ಇಡಿ. ಇಟ್ಟಿದ್ದು ಹ್ಯಾಗೋ ಹಾಗೇ ಇಡಿ.’

ತನ್ನ ಬಗ್ಗೆ ಸುಳ್ಳು ಹೇಳುವುದು ಸುಲಭ. ಮುಂದಿನವಳ ಬಗ್ಗೆ, ಅವಳು ಪಕ್ಕದಲ್ಲೇ ನಿಂತಿರುವಾಗ, ಕಷ್ಟ. ‘ನನ್ ಮುಂದೆ ಯಾರೂ ಇರ್ಲಿಲ್ಲ’ ಎಂದವರು ಇಬ್ಬರೇ ಉಳಿದರು. ಅವರಲ್ಲಿ ಒಬ್ಬ ಗೌಡನಿಗೆ ಗೇಟಿನ ಕಲ್ಲು ಮಂಕರಿಯ ಎಡಕ್ಕಿತ್ತೋ ಬಲಕ್ಕಿತ್ತೋ ಎಂದು ಕೇಳಿದರೆ ತಪ್ಪು ಹೇಳಿದ. ಎಲ್ಲ ನಕ್ಕಾಗ, ‘ಕತ್ಲಾಗಿತ್ತು ಕಣಮ್ಮ, ಕಾಣ್ಲಿಲ್ಲ,’ ಎಂದು ತನ್ನ ಮಂಕರಿ ಎತ್ತಿಕೊಂಡು ತಾನೇ ಹಿಂದಕ್ಕೆ ನಡೆದ. ಗೇಟಿನ ಕಲ್ಲಿಗೆ ತಾಗಿ ತಾಮ್ರದ ಬಿಂದಿಗೆ ಕೂತಿತು. ಅದರ ಹಿಂದೆ ಒಂದೊಂದಾಗಿ ಉಳಿದವು ಬಂದವು. ಇಡುವಾಗ ಪ್ರತಿಯೊಬ್ಬರೂ ತಮ್ಮದನ್ನು ಮುಂದಿನದಕ್ಕೆ ಒತ್ತಿ, ಕಂಠಕ್ಕೆ ಕಂಠ ತಾಗಿಸಿಯೇ ಇಡುತ್ತಿದ್ದರು. ಬಾವಿಯಲ್ಲಿ ಹಾಗೆಯೇ, ಜಾಗ ಬಿಟ್ಟರೆ ನಡುವೆ ಇನ್ನೊಬ್ಬರು ತೂರುತ್ತಾರೆ.

ಎಂಟನೆಯದಾಗಿ ಒಂದು ಮೊರ ಬಂತು. ‘ನಮ್ಮ ಮುಂದೆ ಮೊರ,’ ಎಂದು ಮುಂದೆ ಬಂದವರು ಮಂಡಿ ಸಾಹುಕಾರರು. ಹಣೆಯ ತುಂಬ ವಿಭೂತಿ, ಮಡಿ ಪಂಚೆ. ಅವರ ಹಿಂದೆ ಹಿತ್ತಾಳೆ ಚೊಂಬು ಹಿಡಿದ ಅವರ ತಾಯಿ, ಅಜ್ಜಿಯ ಸೆರಗು ಹಿಡಿದ ಮೊಮ್ಮಗ.

ಆ ಅಜ್ಜಿಗೆ ಮೊಮ್ಮಗ ಕನ್ನಡವನ್ನೇ ಓದಬೇಕೆಂಬ ಹಟ ಎಂದು ಊರಿಗೆಲ್ಲ ಗೊತ್ತಿತ್ತು. ಅವರ ಮನೆಯಲ್ಲಿ ಶಿವನ ಪದಗಳ ಹಳೆಯ ಪುಸ್ತಕಗಳಿದ್ದವು. ಓದಿ ಹೇಳುತ್ತಿದ್ದ ಯಜಮಾನರು ಹೋದ ಮೇಲೆ ಯಾರೂ ತೆರೆದಿರಲಿಲ್ಲ. ಸಾಹುಕಾರರು ಕಲಿತದ್ದು ತೆಲುಗು. ಶನಿವಾರ ಚೊಂಬು ಇಡಲು ಆಳನ್ನು ಕಳಿಸದೆ ಅಜ್ಜಿಯೇ ಬಂದಿದ್ದರಂತೆ.

‘ಸಾವ್ಕಾರ್ರೆ,’ ಎಂಬ ಧ್ವನಿ ಮರದಾಚೆಯಿಂದ ಬಂತು. ‘ಮೊರಕ್ಕೂ ಚೊಂಬ್ಗೂ ನಡುವೆ ನನ್ ಕೊಡ್ತಿ ಐತಲ್ಲ.’

ಎಲ್ಲರೂ ತಿರುಗಿದರು. ತಾನು ದುಡಿಯುವ ಮಂಡಿಯ ಯಜಮಾನನಿಗೆ ಅವಳು ಹೇಳುತ್ತಿದ್ದಳು.

‘ಕೊಡ್ತೀನಾ? ಎಲ್ಲೈತೆ ತೋರ್ಸು,’ ಎಂದರು ಸಾಹುಕಾರರು.

‘ಕೊಡ್ತಿ ಇಟ್ಟು ಜಾಗ ಹಿಡಿಯೋದು ಎಲ್ಲಾರ ಉಂಟೇನಮ್ಮಿ? ಹಂಗಾದ್ರೆ ನಾನು ಪೊರ್ಕೆ ಇಟ್ಬುಡ್ತಿದ್ದೆ,’ ಎಂದ ಮಂಕರಿ ಗೌಡ.

ಮೊರದವಳನ್ನು ಕೇಳಿದೆ. ‘ನಾನಿಟ್ಟಾಗ ನಾನೇ ಕಡೇವ್ಳು. ಆಮೇಲೆ ತಿರ್ಗಿ ನೋಡ್ಲಿಲ್ಲ ಕಣಮ್ಮ,’ ಎಂದಳು. ಅದು ನಿಜವಿರಬೇಕು. ಚೊಂಬು ಒಂಬತ್ತನೆಯದಾದರೆ ಹುಡುಗಿಗೆ ಜಾಗವಿಲ್ಲ. ಮುಂದಿನ ಸುಗ್ಗಿಗೆ ಕೊಡತಿ. ಕೊಡತಿ ಒಂಬತ್ತನೆಯದಾದರೆ ಅಜ್ಜಿಯ ಮೊಮ್ಮಗನಿಗಿಲ್ಲ. ಗೊತ್ತಿರುವವರು ಜಗತ್ತಿನಲ್ಲಿ ಇಬ್ಬರೇ, ಇಬ್ಬರೂ ಮಗುವಿನ ಕೈ ಹಿಡಿದವರು.

ನಾನು ಅಜ್ಜಿಯನ್ನು ಏನೂ ಕೇಳಲಿಲ್ಲ. ‘ಅಜ್ಜಮ್ಮ, ನಿಮ್ಮ ಚೊಂಬು ಇಡಿ. ಶನಿವಾರ ಇಟ್ಟ ಹಾಗೆ,’ ಎಂದೆ.

ಅಜ್ಜಿ ಬಗ್ಗಿದರು. ಸೊಂಟ ಹಿಡಿದುಕೊಂಡು, ನಿಧಾನವಾಗಿ, ಚೊಂಬನ್ನು ನೆಲಕ್ಕಿಟ್ಟು ಎದ್ದರು. ಮೊರಕ್ಕೂ ಚೊಂಬಿಗೂ ನಡುವೆ ಒಂದು ಮೊಳ ಖಾಲಿ ಇತ್ತು.

ಆ ಸಾಲಿನಲ್ಲಿ ಬೇರೆ ಎಲ್ಲೂ ಬೆರಳು ತೂರುವಷ್ಟೂ ಸಂದು ಇರಲಿಲ್ಲ.

ಸಾಹುಕಾರರಿಗೂ ಕಂಡಿತು. ‘ಅವ್ವಾ, ಮುಂದಕ್ಕೆ ಸರ್ಸು,’ ಎಂದರು ಮೆಲ್ಲಗೆ. ಅಜ್ಜಿ ಸರಿಸಲಿಲ್ಲ. ಆ ಒಂದು ಮೊಳ ನೆಲವನ್ನು ನೋಡುತ್ತ ನಿಂತರು. ಬೇವಿನ ಹಣ್ಣು ಒಂದು ಟಪ್ ಎಂದು ಮೊರದೊಳಕ್ಕೆ ಬಿತ್ತು.

‘ಅವ್ವಾ, ಸುಮ್ನಿರು.’ ಅಜ್ಜಿ ಇನ್ನೂ ಬಾಯಿ ತೆರೆದಿರಲಿಲ್ಲ.

‘ಸುಮ್ಕಿರಾಕೆ ನಾನೇನ್ ಚೊಂಬಾ?’ ಎಂದರು ಅಜ್ಜಿ. ಆಮೇಲೆ ನನ್ನ ಕಡೆ ತಿರುಗಿದರು. ‘ಮೈಲ್ಗೆ ಆಯ್ತದೆ ಅಂತ ಒಂದ್ ಮೊಳ ಬಿಟ್ಟಿಟ್ಟೆ ಕಣಮ್ಮ. ಅಲ್ಲಿ ಏನೂ ಇಲ್ಲ ಅಂತ ಬಿಟ್ಟಿದ್ದಲ್ಲ. ಐತೆ ಅಂತ್ಲೇ ಬಿಟ್ಟಿದ್ದು. ಕೊಡ್ತಿ ನನ್ ಕಣ್ಣಾರೆ ಕಂಡೆ.’

ಮಂಕರಿ ಗೌಡ ನೆಲ ನೋಡುತ್ತ ತನ್ನ ಮಂಕರಿಯ ಪಕ್ಕಕ್ಕೆ ಸರಿದ.

ಅಜ್ಜಿಯೇ ಮುಂದುವರಿಸಿದರು, ಈ ಸಲ ಮಗನಿಗೆ. ‘ಇಲ್ಲಿಂದ ಇವ್ಳು ಕೆಲ್ಸಕ್ಕೆ ಬತ್ತಾಳೆ. ಮೇಸ್ತ್ರಿ ಏನಾರ ಅಂದ್ರೆ ನಾನು ಮಂಡಿಗೆ ಬಂದು ಕೂತ್ಕೋತೀನಿ, ನೋಡ್ಕೋ.’

ಆಗ ಮೊಮ್ಮಗ ಎಲ್ಲರ ಮುಂದೆ ಕೈಯನ್ನು ತಲೆಯ ಮೇಲಿಂದ ಹಾಕಿ, ಕತ್ತು ವಾರೆ ಮಾಡಿ, ಕಿವಿಯ ತುದಿ ಹಿಡಿದು, ‘ಅಜ್ಜಿ, ನಂಗೂ ಮುಟ್ಟಾಕೆ ಬತ್ತದೆ,’ ಎಂದ. ಮನೆಯಲ್ಲಿ ಅಭ್ಯಾಸ ಮಾಡಿಸಿದ್ದರು. ಅಜ್ಜಿ ಅವನ ಕೈಯನ್ನು ಇಳಿಸಿ, ‘ಬತ್ತದೆ ಮಗ. ಬರೋ ವರ್ಷ ಕತ್ತು ಬಗ್ಸದೇ ಮುಟ್ಟೀವಂತೆ,’ ಎಂದರು. ಅಷ್ಟು ಹೇಳುವಾಗ ಮಾತ್ರ ಅವರ ಧ್ವನಿ ಸಡಿಲವಾಯಿತು.

ಅಷ್ಟು ಹೊತ್ತಿಗೆ ಪಾದ್ರಿ ಅಯ್ಯನವರು ಹಿಂದಿನ ಗೇಟಿನ ಕಡೆಯಿಂದ ಬಂದರು, ಕೈಯಲ್ಲಿ ಕೊಡತಿ. ಯಾರೋ ಬಡಗಿ ಮರೆತು ಹೋದದ್ದೆಂದು ತಿಳಿದು ಬೆಳಿಗ್ಗೆಯೇ ಎತ್ತಿಟ್ಟುಕೊಂಡಿದ್ದರಂತೆ. ಇಷ್ಟು ಹೊತ್ತೂ ಅದರಲ್ಲೇ ಗೇಟಿನ ಗೂಟ ಹೊಡೆಯುತ್ತಿದ್ದರು. ಆ ಸದ್ದನ್ನು ನಾವೆಲ್ಲ ಕೇಳುತ್ತಲೇ ಇದ್ದೆವು. ಎಲ್ಲರೂ ಕೊಡತಿಯನ್ನೇ ನೋಡುತ್ತಿರುವುದನ್ನು ಕಂಡು ಅವರು ಹೆದರಿದರು. ‘ಇದಿ ಎವರಿದಮ್ಮಾ?’ ಯಾರದ್ದು ಎಂದು ಕೇಳಿದರು. ನಾನು ಖಾಲಿ ನೆಲವನ್ನು ತೋರಿಸಿದೆ. ಅಯ್ಯನವರು ಬಗ್ಗಿ, ಮೊರಕ್ಕೂ ಚೊಂಬಿಗೂ ನಡುವೆ ಅದನ್ನು ತಾವೇ ಇಟ್ಟರು.

ಆಮೇಲಿನದು ದಿನನಿತ್ಯದ ಕೆಲಸ. ಒಬ್ಬೊಬ್ಬರನ್ನೇ ಮೇಜಿನ ಹತ್ತಿರ ಕರೆದೆ. ತೋಳಿನ ಮೇಲೆ ಸಿಡುಬಿಗೆ ದೇವಿ ಹಾಕಿಸಿದ ಕಲೆ ನೋಡಿದೆ. ಕಣ್ಣಿನ ರೆಪ್ಪೆ, ತಲೆ, ಬೆರಳ ಸಂದಿಯ ಕಜ್ಜಿ ನೋಡಿದೆ. ಹೆಸರು, ತಂದೆಯ ಹೆಸರು, ಕಸುಬು ಬರೆದುಕೊಂಡೆ. ಹುಟ್ಟಿದ ದಿನ ಕೇಳಿದರೆ ಒಬ್ಬರು ಜೋಳದ ಕುಯಿಲು ಎನ್ನುತ್ತಾರೆ, ಒಬ್ಬರು ಕರಿ ಎಮ್ಮೆ ಸತ್ತ ವಾರ ಎನ್ನುತ್ತಾರೆ. ಗೊತ್ತಾಗದವರೆಲ್ಲ ನಮ್ಮಲ್ಲಿ ಜುಲೈ ಒಂದನೇ ತಾರೀಕು ಹುಟ್ಟುತ್ತಿದ್ದರು. ಹುಡುಗಿಯ ತಾಯಿಯನ್ನು ಕೇಳಿದಾಗ, ‘ಟೇಸನ್ ಪಕ್ಕದ ಹುಣ್ಸೆಮರಕ್ಕೆ ಸಿಡ್ಲು ಹೊಡೀತಲ್ಲ, ಅದರ ಮಾರ್ನೇ ದಿನ,’ ಎಂದಳು. ಆ ಸಿಡಿಲು ನನಗೂ ನೆನಪಿತ್ತು. ಹಾಗಾಗಿ ಅವಳು ಜುಲೈ ಒಂದರಂದು ಹುಟ್ಟಲಿಲ್ಲ. ಅವಳಿಗೆ ಸ್ವಂತದ್ದೇ ಒಂದು ದಿನ ಸಿಕ್ಕಿತು.

ಒಂಬತ್ತನೆಯ ಚೌಕ ಕಿಟಕಿಯ ಕೆಳಗಿತ್ತು. ಅವಳು ಸುಣ್ಣದ ಗೆರೆಯನ್ನು ತುಳಿಯದೆ ಜಿಗಿದು ಒಳಗೆ ಕೂತಳು. ಮಧ್ಯಾಹ್ನದ ಗಂಟೆ ಹೊಡೆದರೂ ಎದ್ದು ಹೊರಗೆ ಬರಲಿಲ್ಲ. ಎದ್ದರೆ ಜಾಗ ಹೋದೀತು ಎಂದು ಅವಳ ಲೆಕ್ಕ. ನಾನು ಅವಳ ಸ್ಲೇಟನ್ನು ಚೌಕದ ನಡುವೆ ಇಟ್ಟು, ‘ಇದು ನೋಡ್ಕೊಳ್ಳುತ್ತೆ, ಬಾ,’ ಎಂದ ಮೇಲೆ ಬಂದು ನೀರು ಕುಡಿದಳು.

ಈಗ ನಾನು ಕಲ್ಯಾಣದುರ್ಗದ ಶಾಲೆಯಲ್ಲಿದ್ದೇನೆ. ಇಲ್ಲಿ ಭರ್ತಿಗೆ ಅರ್ಜಿ ಇದೆ, ಅದಕ್ಕೆ ತಾರೀಕು ಇದೆ, ಬಾವಿಗೆ ಕೈಪಂಪು ಹಾಕಿದ್ದಾರೆ. ಬಿಂದಿಗೆ ಸಾಲು ಕಂಡು ವರ್ಷಗಳಾದವು. ಒಮ್ಮೊಮ್ಮೆ ಜೂನ್ ತಿಂಗಳ ಬೆಳಿಗ್ಗೆ ಗೇಟು ತೆಗೆಯುವಾಗ ಗೋಡೆಯ ಪಕ್ಕ ಕಣ್ಣು ತಾನಾಗಿ ಹೋಗುತ್ತದೆ. ಮಾರನೆಯ ವರ್ಷದ ಸಾಲು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ: ಗೇಟಿನ ಕಲ್ಲಿಗೆ ತಾಗಿ ಅಜ್ಜಿಯ ಹಿತ್ತಾಳೆ ಚೊಂಬು, ಎಲ್ಲಕ್ಕಿಂತ ಮೊದಲು. ಆ ವರ್ಷ ಆ ಕೇರಿಯಿಂದ ಇನ್ನೂ ಎರಡು ಕೊಡತಿಗಳು ಬಂದಿದ್ದವು. ಅವುಗಳ ಹಿಂದೆ ಕೆಲವರು ಮೊಳ ಬಿಟ್ಟೇ ಇಟ್ಟಿದ್ದರು, ಒಬ್ಬಿಬ್ಬರು ಬಿಟ್ಟಿರಲಿಲ್ಲ. ಅಯ್ಯನವರು ಸಾಲಿನ ಮೇಲೆ ಬಿಸಿಲು ಬೀಳದಂತೆ ಚಪ್ಪರ ಹಾಕಿಸಿದ್ದರು. ಪಾತ್ರೆಗೆ ಯಾಕಯ್ಯ ನೆರಳು ಎಂದು ಊರೆಲ್ಲ ನಕ್ಕಿತ್ತು.

ಕೊಡತಿ ಕಳೆದು ಸಿಕ್ಕ ಆ ಸೋಮವಾರ ಶಾಲೆ ಬಿಟ್ಟ ಮೇಲೆ ಹುಡುಗಿ ನಮ್ಮ ಮನೆಯಲ್ಲಿ ಅವ್ವನ ಹತ್ತಿರ ಕೂತಿದ್ದಳು. ಅವಳ ತಾಯಿ ಮಂಡಿಯಿಂದ ಬರುವ ಹೊತ್ತಿಗೆ ಮೊದಲ ಮಳೆ ಹಿಡಿಯಿತು. ಜಗಲಿಯ ಅಂಚಿನಲ್ಲೇ ನಿಂತವಳನ್ನು ಅವ್ವ, ‘ಒಳಿಕ್ ಬಾರಮ್ಮಿ, ಬಾಗ್ಲಾಗೆ ನಿಂತ್ರೆ ಮಳೆ ಒಳಿಕ್ ಬತ್ತದೆ,’ ಎಂದು ಗದರಿ ಕರೆದಳು. ಅವಳು ಕೊಡತಿಯನ್ನು ಮೂಲೆಗೆ ಒರಗಿಸಿ, ಸೆರಗಿನ ಗಂಟು ಬಿಚ್ಚಿದಳು. ಬೀಜ ತೆಗೆದ ಹೊಸ ಹುಣಸೆಯ ಉಂಡೆ.

‘ಅಜ್ಜಮ್ಮ ಕೊಟ್ರು, ಟೀಚರಮ್ಮನ್ಗೆ ಅಂತ. ಮೇಲಿಂದ್ಲೇ ಸೆರಗ್ಗೆ ಹಾಕುದ್ರು,’ ಎಂದು ನಕ್ಕಳು. ‘ಆದ್ರೆ ಮೇಸ್ತ್ರಿ ಕೈಯಾಗೆ ಕಳಿಸ್ಲಿಲ್ಲ. ತಾವೇ ಬಂದಿದ್ರು ಮಂಡಿಗೆ.’

ಅದೇ ಹುಣಸೆ ಹಿಂಡಿ ಅವ್ವ ಹುರುಳಿ ಸಾರು ಮಾಡಿದಳು. ಬಿಸಿ ಮುದ್ದೆ, ಸಾರು, ಕೆಂಡದಲ್ಲಿ ಸುಟ್ಟ ಒಣಮೆಣಸಿನಕಾಯಿ. ನಾಲ್ವರೂ ಒಲೆಯ ಸುತ್ತ ಕೂತು ಉಂಡೆವು. ಹುಡುಗಿ ತಟ್ಟೆಯನ್ನು ನೆಕ್ಕಿ ನನ್ನ ಕಡೆ ನೋಡಿದಳು.

‘ಟೀಚರಮ್ಮ, ನಾಳೀಕೂ ಕೊಡ್ತಿ ತಂದಿಡ್ಬೇಕಾ?’

‘ಬೇಡ ಮಗ. ಇನ್ಮೇಲೆ ನೀನು ಬಂದ್ರೆ ಸಾಕು.’

ಅವಳು ಇದನ್ನು ತಾಯಿಗೆ ಹೇಳಲು ತಿರುಗಿದಳು. ಕೈ ಕೂಡ ತೊಳೆಯದೆ, ಗೋಡೆಗೆ ಒರಗಿ, ತಾಯಿ ಆಗಲೇ ನಿದ್ದೆ ಹೋಗಿದ್ದಳು.